ಮಂಡಿ ಆಪರೇಷನ್ ಆದ ನಾಯಿ: ಕುಂಟು ಕಡಿಮೆಯಾದಾಗಲೇ ಜಾಸ್ತಿ ಹುಷಾರಾಗಿರಿ

ನಾಯಿಗೆ ಮಂಡಿ ಆಪರೇಷನ್ ಮಾಡಿ ಮನೆಗೆ ಕಳಿಸಿದ ಮೇಲೆ ಮೊದಲ ಮೂರ್ನಾಲ್ಕು ದಿನ ಫೋನ್ ಬರುತ್ತಲೇ ಇರುತ್ತದೆ. ಊಟ ಮುಟ್ಟುತ್ತಿಲ್ಲ, ರಾತ್ರಿಯೆಲ್ಲ ಕುಂಯ್‌ಗುಟ್ಟುತ್ತಿದೆ, ಕಾಲು ಊದಿದೆ, ಎರಡು ದಿನದಿಂದ ಕಕ್ಕ ಮಾಡಿಲ್ಲ. ಇವುಗಳಲ್ಲಿ ಹೆಚ್ಚಿನವು ತಾವಾಗಿಯೇ ಸರಿಹೋಗುವಂಥವು. ಮೂರನೇ ವಾರದ ಹೊತ್ತಿಗೆ ಫೋನ್ ನಿಂತುಹೋಗುತ್ತದೆ. ನಾಯಿ ಕಾಲೂರಿ ನಡೆಯುತ್ತಿದೆ, ಮನೆಯವರಿಗೂ ನೆಮ್ಮದಿಯಾಗಿದೆ. ನನಗೆ ಆತಂಕ ಶುರುವಾಗುವುದು ಆಗ. ಮೂಳೆ ಇನ್ನೂ ಕೂಡಿಲ್ಲ, ಆದರೆ ಅದು ನಾಯಿಗೆ ಗೊತ್ತಿಲ್ಲ.

ಮೊದಲು ಒಳಗೆ ಏನಾಗಿರುತ್ತದೆ ಅಂತ ಹೇಳುತ್ತೇನೆ. ಮಂಡಿಯೊಳಗೆ ತೊಡೆಮೂಳೆಗೂ ಅದರ ಕೆಳಗಿನ ದೊಡ್ಡ ಮೂಳೆಗೂ, ಅಂದರೆ ಟಿಬಿಯಾಗೂ, ನಡುವೆ ಕ್ರೂಸಿಯೇಟ್ ಅನ್ನುವ ಲಿಗಮೆಂಟ್, ಅಂದರೆ ಮೂಳೆಗಳನ್ನು ಹಿಡಿದಿಡುವ ಗಟ್ಟಿ ಪಟ್ಟಿ, ಇರುತ್ತದೆ. ಆಟಗಾರರಿಗೆ ಇದು ಒಂದೇ ಏಟಿಗೆ ಹರಿಯುತ್ತದೆ. ಹೆಚ್ಚಿನ ನಾಯಿಗಳಲ್ಲಿ ಹಾಗಲ್ಲ. ತಿಂಗಳುಗಟ್ಟಲೆ ಎಳೆ ಎಳೆಯಾಗಿ ಸವೆದು, ಕೊನೆಗೆ ಒಂದು ದಿನ ಚಿಕ್ಕ ಓಟಕ್ಕೇ ಕಿತ್ತುಹೋಗುತ್ತದೆ. ನಾಯಿಯ ಟಿಬಿಯಾದ ಮೇಲ್ಭಾಗ ಹಿಂದಕ್ಕೆ ಸುಮಾರು 25 ಡಿಗ್ರಿ ವಾಲಿರುತ್ತದೆ. ಲಿಗಮೆಂಟ್ ಹೋದ ಮೇಲೆ ಪ್ರತಿ ಹೆಜ್ಜೆಗೂ ತೊಡೆಮೂಳೆ ಅಲ್ಲಿ ಜಾರುತ್ತದೆ, ಬ್ರೇಕ್ ಹಾಕದೆ ಇಳಿಜಾರಿನಲ್ಲಿ ನಿಲ್ಲಿಸಿದ ಗಾಡಿಯ ಹಾಗೆ. ಈ ಇಳಿಜಾರನ್ನು ತಗ್ಗಿಸುವ ಟಿಪಿಎಲ್‌ಒ ಆಪರೇಷನ್‌ನಲ್ಲಿ ಟಿಬಿಯಾದ ಮೇಲ್ಭಾಗವನ್ನು ಬಾಗಿದ ಗರಗಸದಿಂದ ಕತ್ತರಿಸುತ್ತೇವೆ. ಇಳಿಜಾರು ಐದಾರು ಡಿಗ್ರಿಗೆ ಇಳಿಯುವಷ್ಟು ಅದನ್ನು ತಿರುಗಿಸಿ, ಪ್ಲೇಟ್ ಮತ್ತು ಸ್ಕ್ರೂ ಹಾಕಿ ಕೂರಿಸುತ್ತೇವೆ. ಅಮೆರಿಕದ ಪಶುವೈದ್ಯ ಬಾರ್ಕ್ಲೇ ಸ್ಲೋಕಮ್ 1993ರಲ್ಲಿ ಪ್ರಕಟಿಸಿದ ವಿಧಾನ ಇದು. ಹರಿದ ಲಿಗಮೆಂಟನ್ನು ಇದರಲ್ಲಿ ಯಾರೂ ಜೋಡಿಸುವುದಿಲ್ಲ. ಅದು ಇಲ್ಲದೆಯೂ ಮಂಡಿ ಜಾರದ ಹಾಗೆ ಮಾಡುತ್ತೇವೆ, ಅಷ್ಟೇ.

ಆಪರೇಷನ್ ಅಂದರೆ ಒಂದು ರೀತಿಯಲ್ಲಿ ನಾವೇ ಮೂಳೆ ಮುರಿದು ಕೂಡಿಸಿದ ಹಾಗೆ ಅಲ್ವಾ? ಚರ್ಮ ಎರಡು ವಾರದಲ್ಲಿ ಕೂಡುತ್ತದೆ. ಮೂಳೆ ಕೂಡಲು 8ರಿಂದ 12 ವಾರ ಬೇಕು. ನೋವು ಇವೆರಡಕ್ಕಿಂತ ಮುಂಚೆಯೇ ಇಳಿಯುತ್ತದೆ. ತೊಂದರೆಗಳಲ್ಲಿ ಬಹಳಷ್ಟು ಹುಟ್ಟುವುದು ಈ ಅಂತರದಲ್ಲಿ.

ಮೊದಲ ವಾರದ ಮಾತು ಬೇಗ ಮುಗಿಸುತ್ತೇನೆ. ಅರಿವಳಿಕೆ ಮತ್ತು ನೋವಿನ ಇಂಜೆಕ್ಷನ್‌ಗಳಿಂದ ಒಂದು ದಿನ ಹಸಿವಿಲ್ಲದಿರಬಹುದು, ಕಕ್ಕ ಮೂರ್ನಾಲ್ಕು ದಿನ ತಡವಾಗಬಹುದು. ಉಚ್ಚೆ ಮಾತ್ರ ಹಾಗಲ್ಲ. ಒಂದು ಹಗಲು ಪೂರ್ತಿ ಉಚ್ಚೆ ಮಾಡದಿದ್ದರೆ ಫೋನ್ ಮಾಡಿ. ಊತ ಮೂರನೇ ದಿನದ ಸುಮಾರಿಗೆ ಮಂಡಿಯಿಂದ ಕೆಳಗಿಳಿದು ಹಿಮ್ಮಡಿ ಗಂಟಿನ ಹತ್ತಿರ ಸೇರಿಕೊಳ್ಳುತ್ತದೆ, ಚರ್ಮ ಕೆಂಪಾಗಿ ನೀಲಿಗಟ್ಟುತ್ತದೆ. ನೋಡಲು ಭಯವಾಗುತ್ತದೆ, ಆದರೆ ಅದು ಒಳಗಿನ ರಕ್ತ, ನೀರು ಕೆಳಗಿಳಿದದ್ದು. ಒಂದು ವಾರದಲ್ಲಿ ಕರಗುತ್ತದೆ. ಮೊದಲ ಎರಡು ಮೂರು ದಿನ ತೆಳು ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ನಿಮಿಷ ಇಟ್ಟರೆ ಹಿತವಾಗುತ್ತದೆ.

ಗಾಯದ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು. ಹೊಲಿಗೆ ಮಂಡಿಯ ಒಳಬದಿಯಲ್ಲಿರುತ್ತದೆ, ನಿಂತ ನಾಯಿಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ, ಸಂಜೆ ಪಕ್ಕಕ್ಕೆ ಮಲಗಿಸಿ ಒಳ್ಳೆ ಬೆಳಕಿನಲ್ಲಿ ನೋಡಿ. ದಿನಕ್ಕೊಂದು ಫೋಟೋ ತೆಗೆದಿಡಿ, ನಿನ್ನೆಯದಕ್ಕೂ ಇವತ್ತಿನದಕ್ಕೂ ಹೋಲಿಸಲು ಬೇರೆ ದಾರಿಯಿಲ್ಲ. ಅಂಚುಗಳು ಒಂದಕ್ಕೊಂದು ಅಂಟಿರಬೇಕು. ಹೊಲಿಗೆಯುದ್ದಕ್ಕೂ ತೆಳ್ಳಗೆ ಕೆಂಪು ಗೆರೆ ಮೊದಲ ಕೆಲವು ದಿನ ಇರುತ್ತದೆ, ಆಮೇಲೆ ಮಾಸಬೇಕು. ಅಂಗೈಯ ಹಿಂಭಾಗವನ್ನು ಗಾಯದ ಪಕ್ಕ ಇಟ್ಟು, ಹಾಗೆಯೇ ಇನ್ನೊಂದು ಕಾಲಿನ ಅದೇ ಜಾಗಕ್ಕೂ ಇಟ್ಟು ನೋಡಿ. ಐದನೇ ದಿನದ ಮೇಲೆ ಬಿಸಿ ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ನೀರು ಅಥವಾ ಕೀವು ಒಸರುತ್ತಿದ್ದರೆ ಕಾಯಬೇಡಿ, ಅವತ್ತೇ ತೋರಿಸಿ.

ನೆಕ್ಕುವುದನ್ನು ಯಾಕೆ ಇಷ್ಟು ಬಿಗಿಯಾಗಿ ತಡೆಯಲು ಹೇಳುತ್ತೇವೆ ಅಂದರೆ, ಈ ಸೋಂಕು ತರುವ ಸ್ಟ್ಯಾಫಿಲೋಕಾಕಸ್ ಜಾತಿಯ ಬ್ಯಾಕ್ಟೀರಿಯಾ ನಾಯಿಯ ಚರ್ಮ ಮತ್ತು ಬಾಯಿಯಲ್ಲೇ ಇರುತ್ತದೆ. ನಾಯಿ ನೆಕ್ಕಿದರೆ ಗಾಯ ವಾಸಿಯಾಗುತ್ತದೆ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಹೊಲಿಗೆ ಬಿಚ್ಚುವವರೆಗೆ, ಅಂದರೆ 10ರಿಂದ 14 ದಿನ, ಬಾಯಿ ಗಾಯಕ್ಕೆ ತಲುಪದಂತೆ ಕೊರಳಿಗೆ ಹಾಕಿದ ಕೋನ್ ತೆಗೆಯಲೇಬಾರದು. ಪಾಪ ಅಂತ ರಾತ್ರಿ ತೆಗೆದ ಮನೆಗಳಲ್ಲೇ ಬೆಳಗಾಗುವಷ್ಟರಲ್ಲಿ ಹೊಲಿಗೆ ಬಿಚ್ಚಿಕೊಂಡಿರುತ್ತದೆ.

ಚರ್ಮದ ಸೋಂಕು ಗುಣವಾಗುತ್ತದೆ. ಪ್ಲೇಟಿಗೆ ತಗುಲಿದ ಸೋಂಕು ಬೇರೆಯದೇ ಕತೆ. ಲೋಹದ ಮೇಲೆ ಬ್ಯಾಕ್ಟೀರಿಯಾ ಒಂದು ಲೋಳೆ ಪದರ ಕಟ್ಟಿಕೊಂಡು ಅದರೊಳಗೆ ಕೂರುತ್ತದೆ. ಆಂಟಿಬಯಾಟಿಕ್ ಅಲ್ಲಿಗೆ ಸರಿಯಾಗಿ ಇಳಿಯುವುದಿಲ್ಲ. ಮಾತ್ರೆ ಕೊಡುವಷ್ಟು ದಿನ ಕುಂಟು ಹೋಗುತ್ತದೆ, ನಿಲ್ಲಿಸಿದ ಕೆಲವು ವಾರಕ್ಕೆ ಮತ್ತೆ ಬರುತ್ತದೆ. ತಿಂಗಳುಗಳ ನಂತರವೂ ಇದು ತಲೆಯೆತ್ತಬಹುದು. ಹೀಗಾದಾಗ ಒಂದರ ಮೇಲೊಂದು ಬೇರೆ ಬೇರೆ ಆಂಟಿಬಯಾಟಿಕ್ ಬದಲಿಸುತ್ತಾ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮೊದಲು ಒಳಗಿನ ನೀರು ತೆಗೆದು ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ಯಾವ ಔಷಧಿ ನಾಟುತ್ತದೆ ಅಂತ ತಿಳಿಯಬೇಕು. ಮೂಳೆ ಕೂಡುವವರೆಗೆ ಆ ಔಷಧಿಯಲ್ಲಿ ಸೋಂಕನ್ನು ಹತೋಟಿಯಲ್ಲಿಟ್ಟು, ಕೂಡಿದ ಮೇಲೆ ಪ್ಲೇಟ್ ತೆಗೆದುಬಿಡಬೇಕು. ಅಷ್ಟು ಹೊತ್ತಿಗೆ ಪ್ಲೇಟಿನ ಕೆಲಸ ಮುಗಿದಿರುತ್ತದೆ. ಸೋಂಕಿಲ್ಲದ ಪ್ಲೇಟನ್ನು ಸುಮ್ನೆ ತೆಗೆಯುವ ಅಗತ್ಯವಿಲ್ಲ, ಜೀವನಪೂರ್ತಿ ಒಳಗೇ ಇರಬಹುದು.

ಇನ್ನು ಆ ಮೂರನೇ ವಾರಕ್ಕೆ ಬರೋಣ. ಮಂಡಿಚಿಪ್ಪಿನಿಂದ ಇಳಿದು ಬರುವ ದಪ್ಪ ಸ್ನಾಯುಬಂಧ ಟಿಬಿಯಾದ ಮುಂದಿನ ಉಬ್ಬಿಗೆ ಅಂಟಿಕೊಂಡಿರುತ್ತದೆ. ಮೂಳೆ ಕತ್ತರಿಸಿದ ಗೆರೆ ಆ ಉಬ್ಬಿನ ಹಿಂದೆಯೇ ಹಾದುಹೋಗುವುದರಿಂದ ಆ ಉಬ್ಬು ಕೆಲವು ವಾರ ಬಲಹೀನವಾಗಿರುತ್ತದೆ. ನಾಯಿ ಸೋಫಾ ಮೇಲೆ ಒಮ್ಮೆ ಹಾರಿದರೆ ತೊಡೆಯ ಸ್ನಾಯು ಪೂರ್ತಿ ಬಲದಿಂದ ಅದನ್ನು ಎಳೆಯುತ್ತದೆ. ಉಬ್ಬು ಬಿರಿಯಬಹುದು, ಪಕ್ಕದ ತೆಳು ಮೂಳೆ ಮುರಿಯಬಹುದು, ಸ್ಕ್ರೂ ಸಡಿಲವಾಗಬಹುದು. ಹಾರದಿದ್ದರೂ ಜಾಸ್ತಿ ಓಡಾಡಿಸಿದರೆ ಆ ಸ್ನಾಯುಬಂಧ ದಪ್ಪವಾಗಿ ಮಂಡಿಯ ಮುಂದೆ ನೋವು ಉಳಿದುಬಿಡುತ್ತದೆ. ಮೂಳೆ ಕತ್ತರಿಸದೆ ಗಟ್ಟಿ ನೈಲಾನ್ ದಾರ ಕಟ್ಟಿ ಮಂಡಿ ನಿಲ್ಲಿಸುವ ಆಪರೇಷನ್ ಆಗಿದ್ದರೂ ಈ ನಿಯಮ ಬದಲಾಗುವುದಿಲ್ಲ. ಸುತ್ತ ಗಟ್ಟಿ ಅಂಗಾಂಶ ಬೆಳೆಯುವ ಮುಂಚೆ ದಾರ ಸಡಿಲವಾದರೆ ಮಂಡಿ ಮತ್ತೆ ಜಾರುತ್ತದೆ.

ಕಟ್ಟುನಿಟ್ಟು ಅಂದರೆ ಇಷ್ಟು: ಎಂಟು ವಾರ ಓಟ, ಹಾರಾಟ, ಮೆಟ್ಟಿಲು, ಬೇರೆ ನಾಯಿಯ ಜೊತೆ ಆಟ ಇಲ್ಲ. ನೀವು ಕಣ್ಣಿಟ್ಟಿಲ್ಲದ ಹೊತ್ತಿನಲ್ಲಿ ಕ್ರೇಟ್ (ನಾಯಿ ಗೂಡು) ಅಥವಾ ಅಡ್ಡ ಕಟ್ಟಿದ ಚಿಕ್ಕ ಜಾಗ. ನುಣುಪು ನೆಲದ ಮೇಲೆ ಜಾರದ ಮ್ಯಾಟ್. ಉಗುರು ಕತ್ತರಿಸಿ, ಪಾದದಡಿಯ ಕೂದಲೂ ತೆಗೆಯಿರಿ. ಮನೆಯೊಳಗಿನ ನಾಲ್ಕು ಹೆಜ್ಜೆಗೂ ಬೆಲ್ಟ್ ಇರಲಿ, ಯಾಕೆಂದರೆ ಬಾಗಿಲ ಗಂಟೆ ಬಾರಿಸಿದಾಗ ಅದು ನುಗ್ಗುವುದು ನಿಮ್ಮ ಕಣ್ಣೆದುರೇ.

ಹಾಗಂತ ಮಲಗಿಸಿಯೇ ಇಡಬಾರದು. ಐದು ನಿಮಿಷದ ನಡಿಗೆ, ದಿನಕ್ಕೆ ಎರಡು ಮೂರು ಸಲ. ಎಲ್ಲ ಸರಿಯಿದ್ದರೆ ವಾರಕ್ಕೆ ಐದು ನಿಮಿಷ ಏರಿಸಿ. ನಡಿಗೆ ಆದಷ್ಟು ನಿಧಾನವಾಗಿರಲಿ. ವೇಗ ಹೆಚ್ಚಾದರೆ ನಾಯಿ ಆ ಕಾಲನ್ನು ಮಡಚಿ ಮೂರೇ ಕಾಲಲ್ಲಿ ಕುಪ್ಪಳಿಸುತ್ತದೆ, ನಿಧಾನಿಸಿದರೆ ನಾಲ್ಕನ್ನೂ ಊರಲೇಬೇಕು. ಆಪರೇಷನ್‌ಗೆ ಮುಂಚೆಯೇ ಸೊರಗಿದ ತೊಡೆಯ ಸ್ನಾಯು ಮರಳಿ ಬೆಳೆಯುವುದು ಈ ಊರುವಿಕೆಯಿಂದ. ನೀರಿನೊಳಗಿನ ಟ್ರೆಡ್‌ಮಿಲ್ ಸಿಕ್ಕರೆ ತುಂಬಾ ಒಳ್ಳೆಯದು, ಗಾಯ ಪೂರ್ತಿ ಒಣಗಿದ ಮೇಲೆ.

ತುಂಬಾ ಚಟುವಟಿಕೆಯ ನಾಯಿಯಾದರೆ ಈ ಎಂಟು ವಾರ ಅದಕ್ಕೂ ನಿಮಗೂ ನಿಜಕ್ಕೂ ಕಷ್ಟ. ಊಟವನ್ನು ಬಟ್ಟಲಿನಲ್ಲಿ ಕೊಡುವ ಬದಲು ಹುಡುಕಿ ತಿನ್ನುವಂತೆ ಬಚ್ಚಿಡಿ, ಮೂಗಿಗೆ ಕೆಲಸ ಸಿಕ್ಕಿದರೆ ತಲೆ ದಣಿಯುತ್ತದೆ. ಅದೂ ಸಾಲದಿದ್ದರೆ ನಾಯಿಯನ್ನು ಶಾಂತವಾಗಿಡುವ ಟ್ರಾಜೊಡೋನ್, ಗಾಬಾಪೆಂಟಿನ್‌ನಂಥ ಮಾತ್ರೆಗಳನ್ನು ನಿಮ್ಮ ವೈದ್ಯರು ಕೊಡಬಲ್ಲರು. ಕೇಳಲು ಸಂಕೋಚ ಬೇಡ.

ನೋವಿನ ಮಾತ್ರೆ ನಿಲ್ಲಿಸಿದರೆ ನಾಯಿ ತಾನಾಗಿಯೇ ಸುಮ್ಮನಿರುತ್ತದೆ ಅಂತ ಕೆಲವರು ಯೋಚಿಸುತ್ತಾರೆ. ಇದು ತಪ್ಪು. ನೋವಿದ್ದ ನಾಯಿ ಕಾಲೂರುವುದಿಲ್ಲ, ಸ್ನಾಯು ಇನ್ನಷ್ಟು ಸೊರಗುತ್ತದೆ, ಮಂಡಿ ಬಿಗಿಯಾಗುತ್ತದೆ. ಕಾರ್ಪ್ರೊಫೆನ್, ಮೆಲಾಕ್ಸಿಕಾಮ್‌ನಂಥ ಮಾತ್ರೆಯನ್ನು ಹೇಳಿದಷ್ಟು ದಿನ ಊಟದ ಜೊತೆ ಕೊಡಿ. ವಾಂತಿ, ಭೇದಿ, ಕಪ್ಪು ಕಕ್ಕ ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ಫೋನ್ ಮಾಡಿ. ಸ್ಟೀರಾಯ್ಡ್ ಜೊತೆ ಇವನ್ನು ಸೇರಿಸಬಾರದು. ಮನುಷ್ಯರ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಡಲೇಬಾರದು. ಹೊಟ್ಟೆಯಲ್ಲಿ ಹುಣ್ಣಾಗಿ, ಕಿಡ್ನಿ ಕೆಟ್ಟು ಜೀವಕ್ಕೇ ಕುತ್ತು ಬರುತ್ತದೆ.

ತೊಂದರೆಯಾಗಿದೆ ಅಂತ ಗುರುತಿಸುವುದು ಹೇಗೆ? ಇವತ್ತು ಎಷ್ಟು ಕುಂಟುತ್ತಿದೆ ಅನ್ನುವುದಕ್ಕಿಂತ ಹೋದ ವಾರಕ್ಕೆ ಹೋಲಿಸಿದರೆ ಹೇಗಿದೆ ಅಂತ ನೋಡಿ. ಕೆಲವೇ ದಿನಗಳಲ್ಲಿ ಬೆರಳ ತುದಿ ನೆಲಕ್ಕೆ ತಾಗಬೇಕು, ಎರಡು ವಾರಕ್ಕೆ ಹೆಚ್ಚಿನ ಹೆಜ್ಜೆಗಳಲ್ಲಿ ಕಾಲೂರಬೇಕು. ಆಮೇಲೆ ನಿಧಾನವಾಗಿಯಾದರೂ ಮುಂದಕ್ಕೇ ಹೋಗಬೇಕು. ಚೆನ್ನಾಗಿ ನಡೆಯುತ್ತಿದ್ದ ನಾಯಿ ಥಟ್ಟನೆ ಕಾಲೆತ್ತಿಕೊಂಡರೆ, ಒಂದು ದಿನ ವಿಶ್ರಾಂತಿ ಕೊಟ್ಟರೂ ಇಳಿಸದಿದ್ದರೆ, ಏನೋ ಆಗಿದೆ ಅಂತಲೇ ಅರ್ಥ.

ಒಂದು ಲ್ಯಾಬ್ರಡಾರ್ ಹೆಣ್ಣುನಾಯಿಯ ವಿಷಯ ಹೇಳುತ್ತೇನೆ. ಚೆನ್ನಾಗಿ ಗುಣವಾಗಿ ಓಡಾಡಿಕೊಂಡಿತ್ತು. ತಿಂಗಳುಗಳ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಕಾಲು ನೆಲಕ್ಕೆ ಇಡಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ಪ್ಲೇಟ್ ಇದ್ದಲ್ಲೇ ಇದೆ. ಜ್ವರವಿಲ್ಲ. ಮಂಡಿಯನ್ನು ಮಡಚಿ ಬಿಡಿಸುವಾಗ ನನ್ನ ಬೆರಳಿಗೆ ಒಂದು ‘ಟಕ್’ ಸಿಕ್ಕಿತು, ಅದೇ ಕ್ಷಣಕ್ಕೆ ನಾಯಿ ತಲೆ ತಿರುಗಿಸಿ ನನ್ನ ಕೈ ನೋಡಿತು. ಮಂಡಿಯ ಒಳಬದಿಯ ಮೆತ್ತೆ, ಅಂದರೆ ಮೆನಿಸ್ಕಸ್, ಹರಿದು ಮಡಚಿಕೊಂಡಿತ್ತು. ಇದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಆಪರೇಷನ್ ದಿನ ಮೆತ್ತೆ ಪೂರ್ತಿ ಸರಿಯಿದ್ದರೂ ಆಮೇಲೆ ಹರಿಯಬಹುದು. ಹರಿದ ತುಂಡನ್ನಷ್ಟೇ ತೆಗೆದೆವು, ಕೆಲವೇ ವಾರಗಳಲ್ಲಿ ಮತ್ತೆ ಕಾಲೂರಿತು. ಎಕ್ಸ್‌ರೇ ಚೆನ್ನಾಗಿದೆ ಅನ್ನುವುದೊಂದೇ ಉತ್ತರವಲ್ಲ ಅಂತ ಮನೆಯವರಿಗೆ ಹೇಳಲು ಈ ನಾಯಿಯನ್ನೇ ನೆನೆಯುತ್ತೇನೆ.

ಎಂಟನೇ ವಾರದ ಎಕ್ಸ್‌ರೇಯನ್ನು ಮಾತ್ರ ತಪ್ಪಿಸಬೇಡಿ. ನಾಯಿ ಎಷ್ಟೇ ಚೆನ್ನಾಗಿ ನಡೆಯುತ್ತಿರಲಿ, ಮೂಳೆ ಕೂಡಿದೆಯೋ ಇಲ್ಲವೋ ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ಕೂಡಿದ್ದರೆ ಬೆಲ್ಟ್‌ನಲ್ಲೇ ನಡಿಗೆ ಉದ್ದ ಮಾಡಿ, ಸಣ್ಣ ಏರು ಹತ್ತಿಸಿ, ಆಮೇಲೆ ಓಟ. ಮೊದಲಿನ ಬಲ ಬರಲು ನಾಲ್ಕರಿಂದ ಆರು ತಿಂಗಳು ಹಿಡಿಯುತ್ತದೆ.

ಎರಡು ವಿಷಯ ಆಪರೇಷನ್‌ಗೆ ಮುಂಚೆಯೇ ಗೊತ್ತಿರಬೇಕು. ಯಾವ ವಿಧಾನದಲ್ಲಿ ಮಾಡಿದರೂ ಆ ಮಂಡಿಯಲ್ಲಿ ಸಂಧಿವಾತ ಸ್ವಲ್ಪವಾದರೂ ಮುಂದುವರಿಯುತ್ತದೆ. ಅದನ್ನು ನಿಧಾನಿಸಲು ನಿಮ್ಮ ಕೈಯಲ್ಲಿರುವ ದೊಡ್ಡ ಉಪಾಯ ತೂಕ. ಓಡಾಟ ನಿಂತ ದಿನದಿಂದಲೇ ಊಟ ಕಡಿಮೆ ಮಾಡಿ. ಬೆರಳು ಒತ್ತದೆ, ಸುಮ್ನೆ ಸವರಿದರೆ ಪಕ್ಕೆಲುಬು ಕೈಗೆ ಸಿಗಬೇಕು. ಎರಡನೆಯದು, ಒಂದು ಕಾಲಿನ ಲಿಗಮೆಂಟ್ ಹೋದ ನಾಯಿಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮುಂದೆ ಇನ್ನೊಂದೂ ಹೋಗುತ್ತದೆ, ಹೆಚ್ಚಾಗಿ ಒಂದೆರಡು ವರ್ಷದೊಳಗೆ. ಹಾಗಾಗಿ ಆಪರೇಷನ್ ಆಗದ ಕಾಲನ್ನೂ ಗಮನಿಸುತ್ತಿರಿ. ಕೂರುವಾಗ ಆ ಮಂಡಿಯನ್ನು ಒಳಗೆ ಮಡಚದೆ ಪಕ್ಕಕ್ಕೆ ಚಾಚಿದರೆ, ಮಲಗಿ ಎದ್ದ ಮೊದಲ ಹೆಜ್ಜೆಗಳು ಬಿಗಿಯಾದರೆ, ನಿಂತಾಗ ಭಾರವನ್ನು ಆಪರೇಷನ್ ಆದ ಕಾಲಿಗೇ ಹಾಕಿದರೆ, ಪೂರ್ತಿ ಹರಿಯುವವರೆಗೆ ಕಾಯದೆ ಪರೀಕ್ಷೆಗೆ ಕರೆತನ್ನಿ. ಮೆತ್ತೆ ಹರಿಯುವ ಮುಂಚೆ ಸಿಕ್ಕ ಮಂಡಿಗೆ ಚಿಕಿತ್ಸೆ ಮಾಡುವುದು ಎಷ್ಟೋ ಸುಲಭ.