ಪೇಂಟ್ ಆಗಿ ಬಂದ ಹಳೇ ಗಾಡಿ ಫ್ಯೂಸ್ ತಿನ್ನುವುದೇಕೆ?

ಪ್ರಶ್ನೆ: ನನ್ನದು 2002ರ ಹೀರೋ ಹೋಂಡಾ ಸ್ಪ್ಲೆಂಡರ್. ಅಪ್ಪ ಓಡಿಸುತ್ತಿದ್ದ ಗಾಡಿ, ಮಾರಲು ಮನಸ್ಸಾಗದೆ ಪೂರ್ತಿ ಬಿಚ್ಚಿಸಿ ಪೇಂಟ್ ಮಾಡಿಸಿದೆ. ಮನೆಗೆ ತಂದ ದಿನದಿಂದ ಫ್ಯೂಸ್ ಹೋಗುತ್ತಿದೆ. ಒಮ್ಮೊಮ್ಮೆ ಎರಡು ದಿನ ನಿಲ್ಲುತ್ತೆ, ಒಮ್ಮೊಮ್ಮೆ ನಮ್ಮ ಬೀದಿಯಿಂದ ಮೇನ್ ರೋಡಿಗೆ ತಿರುಗುವಷ್ಟರಲ್ಲೇ ಹೋಗಿರುತ್ತೆ. ಗಾಡಿ ಓಡುತ್ತೆ, ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಮಾತ್ರ ಇಲ್ಲ. 15 ಆಂಪಿಯರ್ ಫ್ಯೂಸ್ ಹಾಕಿಬಿಡಿ, ತಲೆನೋವೇ ಇರಲ್ಲ ಅಂತ ಒಬ್ಬರು ಹೇಳಿದರು. ಹಾಕಬಹುದಾ?
(ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ)

ಉತ್ತರ: ಬೇಡ. ಮೊದಲು ಲೆಕ್ಕ ನೋಡಿ. ಈ ಗಾಡಿಯಲ್ಲಿ ಬ್ಯಾಟರಿಯನ್ನು ನಂಬಿಕೊಂಡಿರುವುದು ಬ್ರೇಕ್ ಲೈಟ್, ಇಂಡಿಕೇಟರ್, ಹಾರ್ನ್, ನ್ಯೂಟ್ರಲ್ ದೀಪ. ಬ್ರೇಕ್ ಬಲ್ಬ್ 21 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 1.75 ಆಂಪಿಯರ್. ಒಂದು ಕಡೆಯ ಎರಡು ಇಂಡಿಕೇಟರ್ ತಲಾ 10 ವ್ಯಾಟ್, ಸೇರಿ ಸುಮಾರು 1.7. ಹಾರ್ನ್ ಹೆಚ್ಚುಕಡಿಮೆ 2. ಎಲ್ಲವನ್ನೂ ಒಟ್ಟಿಗೆ ಒತ್ತಿ ಹಿಡಿದರೂ ಆರು ಆಂಪಿಯರ್ ದಾಟಲ್ಲ. 7 ಆಂಪಿಯರ್ ಫ್ಯೂಸ್ ಧಾರಾಳ ಸಾಕು. ಅದು ಹೋಗುತ್ತಿದೆ ಎಂದರೆ ಎಲ್ಲೋ ಪಾಸಿಟಿವ್ ತಂತಿ ಗಾಡಿಯ ಫ್ರೇಮಿಗೆ ತಗುಲುತ್ತಿದೆ. 15 ಹಾಕಿದರೆ ತಗುಲುವುದೇನೂ ನಿಲ್ಲಲ್ಲ. ಫ್ಯೂಸಿನ ಬದಲು ತಂತಿ ಕಾದು, ಅದರ ಪ್ಲಾಸ್ಟಿಕ್ ಕರಗಿ, ಪಕ್ಕದ ನಾಲ್ಕು ತಂತಿಗೂ ಅಂಟುತ್ತೆ. ಆ ತಂತಿಗಳ ಕಟ್ಟು ಹಾದುಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ ಅನ್ನುವುದು ನೆನಪಿರಲಿ.

ನಮ್ಮ ಕಡೆ ಬೋರ್‌ವೆಲ್ ಸ್ಟಾರ್ಟರಿನ ಫ್ಯೂಸಿಗೆ ದಪ್ಪ ತಂತಿ ಸುತ್ತುವ ಕೈಗಳೇ ಬೈಕಿನ ಫ್ಯೂಸಿಗೂ ವೈರಿನ ಎಳೆ ಸುತ್ತುತ್ತವೆ. 0.2 ಮಿಲಿಮೀಟರಿನ ಒಂದೇ ತಾಮ್ರದ ಎಳೆ ಹೆಚ್ಚುಕಡಿಮೆ 7 ಆಂಪಿಯರಿಗೆ ಕರಗುತ್ತೆ, ನಿಜ. ಆದರೆ ಒಂದೇ ಎಳೆ ಸುತ್ತುವಷ್ಟು ತಾಳ್ಮೆ ಯಾರಿಗಿದೆ? ನಾಲ್ಕೈದು ಎಳೆ ಹೊಸೆದು ಹಾಕಿದರೆ ಅದು 30 ಆಂಪಿಯರಿನ ಫ್ಯೂಸ್. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವಂತೂ ಯಾವ ಲೆಕ್ಕಕ್ಕೂ ಸಿಗಲ್ಲ.

ಫ್ಯೂಸ್ ಹೋದರೂ ಗಾಡಿ ಓಡುವುದರಲ್ಲಿ ವಿಶೇಷವೇನಿಲ್ಲ. ಈ ಎಂಜಿನ್‌ನ ಸಿ.ಡಿ.ಐ.ಗೆ (ಪ್ಲಗ್ಗಿಗೆ ಕಿಡಿ ಕೊಡಿಸುವ ಪೆಟ್ಟಿಗೆ) ಕರೆಂಟು ಮ್ಯಾಗ್ನೆಟ್ಟಿನೊಳಗಿನ (ಎಂಜಿನ್ ತಿರುಗಿದಾಗ ಕರೆಂಟು ಹುಟ್ಟಿಸುವ ಭಾಗ) ಬೇರೆಯದೇ ಕಾಯಿಲ್‌ನಿಂದ ಬರುತ್ತೆ. ಹೆಡ್‌ಲೈಟೂ ಮ್ಯಾಗ್ನೆಟ್ಟಿನ ಎ.ಸಿ. ಕರೆಂಟಿನಲ್ಲೇ ಉರಿಯುತ್ತೆ. ಈ ಎರಡು ಕರೆಂಟೂ ಫ್ಯೂಸಿನ ಮೂಲಕ ಬರುವುದಿಲ್ಲ. ಹಾಗಾಗಿ ಪ್ಲಗ್, ಸಿ.ಡಿ.ಐ., ಹೆಡ್‌ಲೈಟ್ ಕಡೆ ಕೈಹಾಕುವ ಅಗತ್ಯ ನಿಮಗಿಲ್ಲ. ಹುಡುಕುವ ಜಾಗ ಅರ್ಧಕ್ಕರ್ಧ ಕಡಿಮೆಯಾಯಿತು.

ಫ್ಯೂಸ್ ಯಾವಾಗ ಹೋಗುತ್ತೆ ಅನ್ನುವುದರಲ್ಲೇ ಎಲ್ಲಿ ತಪ್ಪಿದೆ ಅನ್ನುವುದೂ ಇರುತ್ತೆ. ಕೀ ಆಫ್ ಇದ್ದು, ಫ್ಯೂಸ್ ಕೂರಿಸಿದ ತಕ್ಷಣವೇ ಹೋದರೆ ಬ್ಯಾಟರಿ ಉಲ್ಟಾ ಕೂತಿರಬೇಕು, ಇಲ್ಲವೇ ಆರ್.ಆರ್. ಯೂನಿಟ್ (ಮ್ಯಾಗ್ನೆಟ್ಟಿನ ಕರೆಂಟನ್ನು ಬ್ಯಾಟರಿಗೆ ಹೊಂದುವಂತೆ ಮಾಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಒಳಗೇ ಷಾರ್ಟ್ ಆಗಿರಬೇಕು, ಇಲ್ಲವೇ ಫ್ಯೂಸಿನಿಂದ ಕೀ ಸ್ವಿಚ್ಚಿಗೆ ಹೋಗುವ ಕೆಂಪು ತಂತಿ ಎಲ್ಲೋ ಉಜ್ಜಿಹೋಗಿರಬೇಕು. ಕೀ ಆನ್ ಮಾಡಿದಾಗ ಹೋದರೆ ಕೀ ಆದಮೇಲಿನ ಕಪ್ಪು ತಂತಿ. ಬ್ರೇಕ್ ಒತ್ತಿದಾಗ ಮಾತ್ರ ಆದರೆ ಹಿಂದಿನ ಮಡ್‌ಗಾರ್ಡ್ ಅಡಿಯ ಹಸಿರು-ಹಳದಿ ತಂತಿ. ನೀವು ಬರೆದಿರುವ ‘ತಿರುಗುವಷ್ಟರಲ್ಲೇ’ ಅನ್ನುವ ಮಾತಿನಲ್ಲಿ ಇಬ್ಬರು ಕಳ್ಳರಿದ್ದಾರೆ: ಒಂದು, ಹ್ಯಾಂಡಲ್ ತಿರುಗಿದಾಗ ಎಳೆದಾಡುವ, ಕತ್ತಿನ (ಹ್ಯಾಂಡಲ್ ಫ್ರೇಮಿಗೆ ಸೇರುವ ಜಾಗ) ಬಳಿಯ ತಂತಿ, ಇನ್ನೊಂದು, ತಿರುವಿನಲ್ಲಿ ಹಾಕುವ ಇಂಡಿಕೇಟರ್.

ಇದನ್ನು ಹಿಡಿಯಲು ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಾಗಿಲ್ಲ. 12 ವೋಲ್ಟ್ 21 ವ್ಯಾಟಿನ ಒಂದು ಬ್ರೇಕ್ ಬಲ್ಬ್, ಅದರ ಹೋಲ್ಡರ್, ಎರಡು ಮೊಳ ವೈರ್ ತಗೊಳ್ಳಿ. ಟ್ಯಾಂಕ್ ಬಿಚ್ಚಿ, ಕೆಲಸದ ಜಾಗದಿಂದ ಹತ್ತಡಿ ದೂರ ಇಡಿ. ಪೆಟ್ರೋಲ್ ಕಾಕ್ ಬಂದ್ ಮಾಡಿದರಷ್ಟೇ ಸಾಲದು. ಸುಟ್ಟ ಫ್ಯೂಸ್ ತೆಗೆದು, ಅದರ ಎರಡು ತುದಿಯ ಜಾಗಕ್ಕೆ ಬಲ್ಬಿನ ಎರಡು ತಂತಿ ಸಿಕ್ಕಿಸಿ. ಈಗ ಎಲ್ಲಿ ಷಾರ್ಟ್ ಆದರೂ 1.75 ಆಂಪಿಯರಿಗಿಂತ ಹೆಚ್ಚು ಹರಿಯಲ್ಲ. ಯಾವ ತಂತಿಯೂ ಸುಡಲ್ಲ, ಬಲ್ಬ್ ಪೂರ್ತಿ ಬೆಳಗಿ ‘ಇಲ್ಲೇ’ ಅನ್ನುತ್ತೆ.

ಕೀ ಆನ್ ಮಾಡಿ, ಏನನ್ನೂ ಒತ್ತಬೇಡಿ. ನ್ಯೂಟ್ರಲ್ ದೀಪ ಒಂದೇ ಉರಿಯುತ್ತಿದ್ದರೆ ನಿಮ್ಮ ಪರೀಕ್ಷೆಯ ಬಲ್ಬ್ ಕೆಂಪಗೂ ಆಗಲ್ಲ. ಬ್ರೇಕ್ ಒತ್ತಿದರೆ ಎರಡೂ ಬಲ್ಬ್ ಮಂಕಾಗಿ ಉರಿಯುತ್ತವೆ. 12 ವೋಲ್ಟನ್ನು ಎರಡೂ ಹಂಚಿಕೊಂಡಿವೆ ಅಷ್ಟೇ, ಗಾಬರಿ ಬೇಡ. ಮಂಕು ಅಂದರೆ ಸರಿ, ಫಳಾರನೆ ಬೆಳಗಿದರೆ ಷಾರ್ಟ್. ಈಗ ಹ್ಯಾಂಡಲ್ಲನ್ನು ಎಡದ ತುದಿಗೆ, ಬಲದ ತುದಿಗೆ ನಿಧಾನವಾಗಿ ತಿರುಗಿಸಿ. ಸೀಟಿನ ಮೇಲೆ ಕೂತು ಹಿಂದಿನ ಷಾಕ್ ಅಬ್ಸಾರ್ಬರ್ ಕುಗ್ಗುವಂತೆ ಕುಲುಕಿ. ಬಲ್ಬ್ ಬೆಳಗಿದ ಕ್ಷಣಕ್ಕೆ ನಿಲ್ಲಿಸಿ, ಅದೇ ಭಂಗಿಯಲ್ಲಿ ಗಾಡಿ ಬಿಟ್ಟು, ಕಪ್ಲರುಗಳನ್ನು (ತಂತಿಗಳನ್ನು ಜೋಡಿಸುವ ಪ್ಲಾಸ್ಟಿಕ್ ಕೊಂಡಿ) ಒಂದೊಂದಾಗಿ ಬಿಡಿಸಿ: ಮೊದಲು ಹೆಡ್‌ಲೈಟ್ ಡೂಮಿನೊಳಗಿನ ಹ್ಯಾಂಡಲ್ ಸ್ವಿಚ್ಚಿನವು, ಆಮೇಲೆ ಹಿಂದಿನ ದೀಪದ್ದು. ಯಾವುದನ್ನು ಬಿಡಿಸಿದಾಗ ಬಲ್ಬ್ ಆರುತ್ತೋ ಆ ಕವಲಿನಲ್ಲೇ ತಪ್ಪು.

ಪೇಂಟ್ ಆದ ಗಾಡಿಯಲ್ಲಿ ಬಹಳ ಸಲ ಅದು ಕತ್ತಿನ ಬಳಿಯೇ ಸಿಗುತ್ತೆ. ಕಂಪನಿಯವರು ವೈರಿಂಗ್ ಕಿಟ್ಟನ್ನು, ಅಂದರೆ ತಂತಿಗಳ ಕಟ್ಟನ್ನು, ಕತ್ತಿನ ಒಂದು ಬದಿಯಲ್ಲಿ, ಕ್ಲಿಪ್ಪಿನೊಳಗೆ, ಸ್ವಲ್ಪ ಸಡಿಲ ಬಿಟ್ಟು ಕೂರಿಸಿರುತ್ತಾರೆ. ಪೇಂಟಿಗೆ ಬಿಚ್ಚಿ ಮತ್ತೆ ಕೂಡಿಸುವಾಗ ಕ್ಲಿಪ್ ಮುರಿದಿರುತ್ತೆ, ಕಿಟ್ ಇನ್ನೊಂದು ಬದಿಗೆ ಬಂದಿರುತ್ತೆ, ಹ್ಯಾಂಡಲ್ ತಡೆಯುವ ಕಬ್ಬಿಣದ ಗಡ್ಡೆಗೂ ಫ್ರೇಮಿಗೂ ನಡುವೆ ಅದು ಸಿಕ್ಕಿಕೊಳ್ಳುತ್ತೆ. ಟಾರ್ಚ್ ಹಿಡಿದು ಆ ಗಡ್ಡೆಯನ್ನೇ ನೋಡಿ: ಹೊಸ ಪೇಂಟಿನ ಮೇಲೆ ಗುಂಡುಸೂಜಿ ತಲೆಯಷ್ಟು ಕರಿ ಚುಕ್ಕೆ, ಅದರ ಸುತ್ತ ಪೇಂಟ್ ಗುಳ್ಳೆ ಎದ್ದ ಉಂಗುರ. ಅದಕ್ಕೆ ನೇರವಾಗಿ ಎದುರಿನ ತಂತಿಯಲ್ಲಿ ಸಿಪ್ಪೆ ಚಪ್ಪಟೆಯಾಗಿ, ಎರಡು ಮೂರು ತಾಮ್ರದ ಎಳೆ ಮೀಸೆಯಂತೆ ಹೊರಗೆ ಇಣುಕುತ್ತಿರುತ್ತವೆ. ಕಳ್ಳ ಅದೇ.

ಅಲ್ಲಿ ಇಲ್ಲದಿದ್ದರೆ ಡೂಮಿನ ಹಿಂಬದಿ ನೋಡಿ. ತಂತಿಗಳು ಒಳಹೋಗುವ ತೂತಿಗೆ ರಬ್ಬರ್ ಬುಷ್ ಇರಬೇಕು. ಪೇಂಟರ್ ಅದನ್ನು ತೆಗೆದು ಪಕ್ಕಕ್ಕಿಟ್ಟದ್ದು ಅಲ್ಲೇ ಉಳಿದಿರುತ್ತೆ, ತೂತಿನ ಅಂಚು ತಂತಿಯನ್ನು ದಿನಾ ಒಂದಿಷ್ಟು ಕೊಯ್ಯುತ್ತೆ. ಮೂರನೆಯದು ಇಂಡಿಕೇಟರ್ ಕಾಂಡ: ಬೋಲ್ಟ್ ಬಿಗಿಯುವಾಗ ಇಡೀ ಕಾಂಡ ತಿರುಗಿ ಒಳಗಿನ ತಂತಿ ಹಿಂಡಿಹೋಗುತ್ತೆ. ಎಡಗಡೆಯದಾದರೆ ಕಿತ್ತಳೆ ಬಣ್ಣದ ತಂತಿ, ಬಲಗಡೆಯದಾದರೆ ತಿಳಿನೀಲಿ. ಗಾಡಿಯನ್ನು ರಾಗಿ, ಹುರುಳಿ ಮೂಟೆ ಇರುವ ಕೊಟ್ಟಿಗೆಯಲ್ಲಿ ನಿಲ್ಲಿಸುವವರು ಸೀಟಿನ ಅಡಿಯನ್ನೂ ನೋಡಿ. ಇಲಿ ಕಡಿದ ತಂತಿಗೆ ಹಲ್ಲಿನ ಗುರುತು ಇರುತ್ತೆ, ಉಜ್ಜಿದ ತಂತಿಗೆ ಇರಲ್ಲ.

ಸಿಕ್ಕಿದ ಮೇಲೆ ಬರೀ ಟೇಪ್ ಸುತ್ತಿ ಬಿಡಬೇಡಿ. ಎಂಜಿನ್ ಬಿಸಿಗೆ ಅದರ ಅಂಟು ಕರಗಿ, ಒಂದೇ ಬೇಸಿಗೆಗೆ ಜಾರಿ ಇಳಿಯುತ್ತೆ. ಎಳೆಗಳು ತುಂಡಾಗದೆ ಸಿಪ್ಪೆ ಮಾತ್ರ ಹೋಗಿದ್ದರೆ ಕಪ್ಲರಿನ ಪಿನ್ ಬಿಡಿಸಿ, ಬಿಸಿಗೆ ಕುಗ್ಗುವ ಸ್ಲೀವ್ ತೂರಿಸಿ ಕೂರಿಸಿ. ಎಳೆ ತುಂಡಾಗಿದ್ದರೆ ಆ ಅರ್ಧ ಅಡಿಯನ್ನೇ ಕತ್ತರಿಸಿ, ಅದೇ ದಪ್ಪದ ವೈರ್ ಸೇರಿಸಿ ಬೆಸುಗೆ ಹಾಕಿ, ಮೇಲೆ ಸ್ಲೀವ್. ಆದರೆ ಬೆಸುಗೆಯ ಗಂಟು ಕತ್ತಿನ ಬಾಗುವ ಜಾಗದಲ್ಲಿ ಬರಕೂಡದು. ಬೆಸುಗೆ ಕುಡಿದ ತಂತಿ ಬಾಗಲ್ಲ, ಪಕ್ಕದಲ್ಲೇ ಮುರಿಯುತ್ತೆ.

ಪೇಂಟಿನ ಜೊತೆ ವೈರಿಂಗ್ ಕಿಟ್ಟನ್ನೂ ಬದಲಿಸಿದ್ದರೆ ಬಣ್ಣಗಳ ಕಡೆ ಎಚ್ಚರ. ಹೋಂಡಾ ಪದ್ಧತಿಯಲ್ಲಿ ಕೆಂಪು ಬ್ಯಾಟರಿಯದು, ಕಪ್ಪು ಕೀ ಆದಮೇಲಿನ ಪಾಸಿಟಿವ್, ಹಸಿರು ಅರ್ತ್ (ಕರೆಂಟು ಬ್ಯಾಟರಿಯ ನೆಗೆಟಿವ್‌ಗೆ ವಾಪಸಾಗುವ ತಂತಿ). ಯಮಹಾದಲ್ಲಿ ಕಪ್ಪೇ ಅರ್ತ್, ಕೀ ಆದಮೇಲಿನದು ಕಂದು. ಸುಜುಕಿಯಲ್ಲಿ ಅರ್ತ್‌ಗೆ ಬಿಳಿ ಗೆರೆಯ ಕಪ್ಪು, ಕೀ ಆದಮೇಲೆ ಕಿತ್ತಳೆ. ದಿನವೆಲ್ಲ ಯಮಹಾ ಆರ್‌ಎಕ್ಸ್ 100 ಮೇಲೆ ಕೈ ಪಳಗಿದವರು ನಿಮ್ಮ ಗಾಡಿಯ ಕಪ್ಪು ತಂತಿಯನ್ನು ‘ಅರ್ತ್ ಅಲ್ವಾ’ ಅಂತ ಫ್ರೇಮಿಗೆ ಬಿಗಿದರೆ ಕೀ ತಿರುಗಿಸಿದ ಕೂಡಲೇ ಫ್ಯೂಸ್ ಢಂ. ಬಣ್ಣವನ್ನು ನಂಬುವ ಮೊದಲು ಮಲ್ಟಿಮೀಟರಿನಲ್ಲಿ ಒಮ್ಮೆ ನೋಡುವುದು ಒಳ್ಳೆಯದು, 20 ವರ್ಷದಲ್ಲಿ ಯಾರ ಯಾರ ಕೈ ಬಿದ್ದಿದೆಯೋ. ಮ್ಯಾಗ್ನೆಟ್ಟಿನಿಂದ ಸಿ.ಡಿ.ಐ.ಗೆ ಹೋಗುವ ಕೆಂಪು ಗೆರೆಯ ಕಪ್ಪು ತಂತಿಯನ್ನು ಮಾತ್ರ ಕಿಕ್ ಹೊಡೆಯುವಾಗ ಮುಟ್ಟಬೇಡಿ, ಅದರಲ್ಲಿ 100 ವೋಲ್ಟಿಗೂ ಮೀರಿ ಬರುತ್ತೆ.

ಕೆಲವರಿಗೆ ಇದರ ತದ್ವಿರುದ್ಧ ತೊಂದರೆ: ಫ್ಯೂಸ್ ಹೋಗಲ್ಲ, ಆದರೆ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತೆ, ಹಾರ್ನ್ ಕೆಮ್ಮುತ್ತೆ. ಅದಕ್ಕೂ ಪೇಂಟೇ ಕಾರಣ. ಅರ್ತ್ ತಂತಿ ಬಿಗಿಯುವ ಜಾಗಕ್ಕೂ ಪೇಂಟ್, ಪೌಡರ್ ಕೋಟಿಂಗ್ ಬಳಿದಿರುತ್ತಾರೆ, ಕರೆಂಟಿಗೆ ಬ್ಯಾಟರಿಗೆ ವಾಪಸಾಗುವ ದಾರಿ ಮುಚ್ಚಿರುತ್ತೆ. ಬೋಲ್ಟ್ ಬಿಚ್ಚಿ, ಒಂದು ರೂಪಾಯಿ ನಾಣ್ಯದಗಲ ಎಮರಿ ಪೇಪರಿನಿಂದ ಬರೀ ಕಬ್ಬಿಣ ಹೊಳೆಯುವ ತನಕ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿ. ಸರಿಯಾಯಿತಾ ಅಂತ ನೋಡಲು ಮೀಟರನ್ನು ಡಿ.ಸಿ. 20 ವೋಲ್ಟಿಗಿಟ್ಟು, ಕಪ್ಪು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಕೆಂಪು ಕಡ್ಡಿ ಬ್ರೇಕ್ ಲೈಟಿನ ಹೋಲ್ಡರಿನ ತಗಡಿಗೆ ಹಿಡಿದು ಬ್ರೇಕ್ ಒತ್ತಿ. 0.2 ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಇನ್ನೂ ಎಲ್ಲೋ ಪೇಂಟ್ ಉಳಿದಿದೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿಗಳಲ್ಲಿ ಹೆಚ್ಚಿನವು 6 ವೋಲ್ಟಿನವು. ಅಷ್ಟೇ ವ್ಯಾಟಿಗೆ ಅಲ್ಲಿ ಎರಡರಷ್ಟು ಕರೆಂಟು ಹರಿಯಬೇಕು, ಆದ್ದರಿಂದ ಕೆಟ್ಟ ಅರ್ತ್ ಅವುಗಳನ್ನು ಇನ್ನೂ ಬೇಗ ಮಂಕು ಮಾಡುತ್ತೆ. ಅವುಗಳ ಕೆಲಸಕ್ಕೆ 6 ವೋಲ್ಟಿನದೇ ಪರೀಕ್ಷೆ ಬಲ್ಬ್ ಬೇಕು.

ರಿಪೇರಿ ಮಾಡುವಾಗಲೇ ಹೊಸ ಕಾಯಿಲೆ ಅಂಟಿಸುವ ಕೆಲಸಗಳೂ ಇವೆ. ಬ್ಯಾಟರಿ ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಅದು ಕೊನೆಗೆ. ಹೀಗೆ ಮಾಡಿದರೆ ಸ್ಪ್ಯಾನರ್ ಜಾರಿ ಫ್ರೇಮಿಗೆ ತಗುಲಿದರೂ ಕಿಡಿ ಹಾರಲ್ಲ. ಹಾಲಿನ ಕ್ಯಾನಿಗೋ ಮಾವಿನ ಕ್ರೇಟಿಗೋ ಕ್ಯಾರಿಯರ್ ವೆಲ್ಡ್ ಮಾಡಿಸುವ ಮುಂಚೆ ಬ್ಯಾಟರಿಯ ಎರಡೂ ತಂತಿ, ಸಿ.ಡಿ.ಐ. ಮತ್ತು ಆರ್.ಆರ್. ಕಪ್ಲರ್ ಬಿಡಿಸಿ. ವೆಲ್ಡಿಂಗ್ ಮಷಿನ್ನಿನ ಅರ್ತ್ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಕಚ್ಚಿಸಿ, ಮುಂದಿನ ಫೋರ್ಕಿಗಲ್ಲ. ಇಲ್ಲದಿದ್ದರೆ ವೆಲ್ಡಿಂಗ್ ಕರೆಂಟು ನಿಮ್ಮ ವೈರಿಂಗನ್ನೇ ಅಡ್ಡದಾರಿ ಮಾಡಿಕೊಳ್ಳುತ್ತೆ. ಬ್ಯಾಟರಿ ಕೆಟ್ಟಿದೆ ಅಂತ ತೆಗೆದಿಟ್ಟು ವಾರಗಟ್ಟಲೆ ಓಡಿಸುವುದೂ ಬೇಡ. ಏರಿಳಿತ ನುಂಗಿಕೊಳ್ಳಲು ಬ್ಯಾಟರಿ ಇಲ್ಲದೆ ಬಲ್ಬುಗಳು ಒಂದೊಂದಾಗಿ ಹೋಗುತ್ತವೆ. ಸ್ಪಾರ್ಕ್ ನೋಡುವಾಗ ಪ್ಲಗ್ ಕ್ಯಾಪನ್ನು ಗಾಳಿಯಲ್ಲಿ ಹಿಡಿದು ಕಿಕ್ ಹೊಡೆಯಬೇಡಿ. ಕಿಡಿಗೆ ಹೊರಗೆ ದಾರಿ ಸಿಗದಿದ್ದರೆ ಕಾಯಿಲಿನ ಒಳಗೇ ದಾರಿ ಮಾಡಿಕೊಳ್ಳುತ್ತೆ. ಪ್ಲಗ್ಗಿನ ಲೋಹ ಎಂಜಿನ್ನಿಗೆ ತಾಗಿರಲಿ, ಪ್ಲಗ್ ತೂತಿನಿಂದ ದೂರವಿರಲಿ, ಅಲ್ಲಿಂದ ಪೆಟ್ರೋಲ್ ಹಬೆ ಹೊರಬರುತ್ತಿರುತ್ತೆ.

ಪದೇ ಪದೇ ಷಾರ್ಟ್ ಆದ ನಿಮ್ಮ 2.5 ಆಂಪಿಯರ್-ಅವರ್ ಬ್ಯಾಟರಿ ಸೊರಗಿರುತ್ತೆ. ರಾತ್ರಿ ಸುಮ್ಮನೆ ಬಿಟ್ಟು ಬೆಳಗ್ಗೆ ಅಳೆದಾಗ 12.6 ವೋಲ್ಟ್ ಇದ್ದರೆ ಗಟ್ಟಿ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಬೇಕು. 0.25 ಆಂಪಿಯರಿನಲ್ಲಿ ಹತ್ತು ಹನ್ನೆರಡು ತಾಸು. ಟ್ರ್ಯಾಕ್ಟರ್ ಬ್ಯಾಟರಿಯ ಜೊತೆ ದೊಡ್ಡ ಚಾರ್ಜರಿಗೆ ಸಿಕ್ಕಿಸಿದರೆ ಕುದಿದು ಪ್ಲೇಟು ಬಾಗುತ್ತೆ. ನೀರು ಕಡಿಮೆಯಿದ್ದರೆ ಮೇಲಿನ ಗೆರೆ ತನಕ ಡಿಸ್ಟಿಲ್ಡ್ ವಾಟರ್ ಮಾತ್ರ. ನಮ್ಮ ಬೋರ್‌ವೆಲ್ ನೀರಿನ ಉಪ್ಪು ಪ್ಲೇಟನ್ನು ತಿನ್ನುತ್ತೆ. ಬ್ಯಾಟರಿಯ ಗಾಳಿ ಪೈಪ್ ಮಡಚದಂತೆ, ಅದರ ತುದಿ ಚೈನಿಗೂ ಸೈಲೆನ್ಸರಿಗೂ ತಾಗದಂತೆ ಕೆಳಗೆ ಇಳಿಬಿಡಿ. ಎಂಜಿನ್ ಓಡಿಸಿ ಆಕ್ಸಲರೇಟರ್ ಕೊಟ್ಟಾಗ ಬ್ಯಾಟರಿ ತುದಿಗಳಲ್ಲಿ 13.8ರಿಂದ 14.8ರೊಳಗೆ ಬರಬೇಕು. 15 ದಾಟಿದರೆ ಆರ್.ಆರ್. ಹೋಗಿದೆ, ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ.

ಎಲ್ಲ ಕೂಡಿಸಿದ ಮೇಲೆ ಪರೀಕ್ಷೆಯ ಬಲ್ಬನ್ನು ತಕ್ಷಣ ತೆಗೆಯಬೇಡಿ. ಕೀ ಆನ್ ಇಟ್ಟು ಹ್ಯಾಂಡಲ್ಲನ್ನು ಹತ್ತು ಸಲ ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ, ಸೀಟು ಕುಲುಕಿ, ಎರಡೂ ಇಂಡಿಕೇಟರ್ ಹಾಕಿ ನೋಡಿ. ಒಮ್ಮೆಯೂ ಫಳಾರನೆ ಬೆಳಗದಿದ್ದರೆ ಬಲ್ಬ್ ತೆಗೆದು 7 ಆಂಪಿಯರ್ ಫ್ಯೂಸ್ ಹಾಕಿ, ಇನ್ನೊಂದನ್ನು ಟೂಲ್ ಕಿಟ್ಟಿನಲ್ಲಿಡಿ.