ದೊಡ್ಡ ಹೀಟರ್ ತರುವ ಮೊದಲು ಒಂದು ಊದುಬತ್ತಿ ಹಚ್ಚಿ

ಪ್ರಶ್ನೆ: ನಮ್ಮದು ಹಳೇ ಮನೆ. ಎರಡು ವರ್ಷದ ಮಗು ಇದೆ, ವಯಸ್ಸಾದ ಅತ್ತೆ ಇದ್ದಾರೆ. ಚಳಿಗಾಲ ಬಂತೆಂದರೆ ಹೀಟರ್ ರಾತ್ರಿಯಿಡೀ ಉರಿಯುತ್ತದೆ, ಬಿಲ್ಲು ಏರುತ್ತದೆ, ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ. ಈ ಸಲ ಇನ್ನೂ ದೊಡ್ಡ ಹೀಟರ್ ತರೋಣ ಅಂತಿದ್ದೇವೆ. ಕೈಯಲ್ಲಿ ಹಣ ಕಡಿಮೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಹೀಟರ್ ಸದ್ಯಕ್ಕೆ ಬೇಡ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮನೆಯಲ್ಲಿ ಶಾಖಕ್ಕೆ ಕೊರತೆ ಇದ್ದಂತಿಲ್ಲ, ಬಂದ ಶಾಖ ನಿಲ್ಲುತ್ತಿಲ್ಲ. ತಳ ಒಡೆದ ಕೊಡಕ್ಕೆ ನೀರು ಸಾಲದು ಅಂತ ಯಾರೂ ದೊಡ್ಡ ನಲ್ಲಿ ಹಾಕಿಸುವುದಿಲ್ಲವಲ್ಲ.

ಇದು ನಿಜವೋ ಅಲ್ಲವೋ ಅಂತ ಇವತ್ತು ರಾತ್ರಿಯೇ ನೋಡಬಹುದು. ಗೋಡೆಗೆ ನೇತುಹಾಕುವ ಒಂದು ಸಾದಾ ಥರ್ಮಾಮೀಟರ್ ತನ್ನಿ. ಈ ಇಡೀ ಪುರಾಣದಲ್ಲಿ ನೀವು ದುಡ್ಡು ಕೊಟ್ಟು ಮೊದಲು ತರಬೇಕಾದ ವಸ್ತು ಅದು. ಹೀಟರ್ ಹಚ್ಚಿ ಕೋಣೆ ಸಾಕಷ್ಟು ಬೆಚ್ಚಗಾದ ಮೇಲೆ ಆರಿಸಿ. ಆಗ ಎಷ್ಟು ಡಿಗ್ರಿ ಇತ್ತು, ಒಂದು ಗಂಟೆ ಬಿಟ್ಟು ಎಷ್ಟಾಯಿತು, ಬರೆದಿಟ್ಟುಕೊಳ್ಳಿ. ಒಂದೆರಡು ಡಿಗ್ರಿ ಇಳಿದರೆ ಮನೆ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತಿದೆ. ನಾಲ್ಕೈದು ಡಿಗ್ರಿ ಧುಮುಕಿದರೆ ಎಲ್ಲೋ ಸೋರುತ್ತಿದೆ. ಚೀಟಿಯನ್ನು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಸೋರುವ ಜಾಗ ಹುಡುಕಲು ಊದುಬತ್ತಿ ಸಾಕು. ಗಾಳಿ ಬೀಸುವ ಒಂದು ಸಂಜೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಒಂದನ್ನು ಮಾತ್ರ ಓಡಿಸಿ. ಅದು ಒಳಗಿನ ಗಾಳಿಯನ್ನು ಹೊರಗೆ ಎಳೆಯುವುದರಿಂದ ಸಂದುಗಳಲ್ಲಿ ಹೊರಗಿನ ಗಾಳಿ ಜೋರಾಗಿ ನುಗ್ಗುತ್ತದೆ, ಕಳ್ಳ ಬೇಗ ಸಿಕ್ಕಿಬೀಳುತ್ತಾನೆ. ಈ ಹೊತ್ತಿನಲ್ಲಿ ಗ್ಯಾಸ್ ಗೀಸರ್ ಆಗಲಿ ಒಲೆಯಾಗಲಿ ಉರಿಯುತ್ತಿರಬಾರದು. ಊದುಬತ್ತಿ ಹಚ್ಚಿ, ಪರದೆಗೆ ತಾಗದಂತೆ, ಬಾಗಿಲ ಚೌಕಟ್ಟಿನ ಉದ್ದಕ್ಕೂ ನಿಧಾನವಾಗಿ ನಡೆಸಿಕೊಂಡು ಹೋಗಿ. ಹೊಗೆ ನೆಟ್ಟಗೆ ಏರುತ್ತಿದ್ದರೆ ಮುಂದೆ ಸಾಗಿ. ತಟ್ಟನೆ ಕೋಣೆಯೊಳಕ್ಕೆ ಬಾಗಿತೇ, ಅಲ್ಲೊಂದು ಪೆನ್ಸಿಲ್ ಗುರುತು ಹಾಕಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಕಿಟಕಿಯ ಮೇಲೆಯೇ ಅನುಮಾನವಿತ್ತು. ಹೊಗೆ ಬಾಗಿದ್ದು ಸ್ವಿಚ್ ಬೋರ್ಡಿನ ಅಂಚಿನಲ್ಲಿ! ಯಾವಾಗಲೋ ತೆಗೆದುಹಾಕಿದ ಎಸಿಯ ಪೈಪಿನ ತೂತು, ಕಿಟಕಿಯ ಕಟ್ಟೆಗೂ ಗೋಡೆಗೂ ನಡುವಿನ ಬಿರುಕು, ಅಟ್ಟದ ಮುಚ್ಚಳ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಕೂರದ ಜಾಗ, ಇವೆಲ್ಲ ಕಣ್ಣಿಗೆ ಬೀಳದ ಬಾಗಿಲುಗಳು.

ಇಷ್ಟು ಚಿಕ್ಕ ಸಂದಿನಿಂದ ಏನಾದೀತು ಅನ್ನಬೇಡಿ. ಎರಡು ಮೀಟರ್ ಎತ್ತರ, 90 ಸೆಂಟಿಮೀಟರ್ ಅಗಲದ ಒಂದು ಬಾಗಿಲು ತೆಗೆದುಕೊಳ್ಳಿ. ಕೆಳಗೆ ಒಂದು ಸೆಂಟಿಮೀಟರ್ ಸಂದು, ಉಳಿದ ಮೂರು ಬದಿ ಎರಡೆರಡು ಮಿಲಿಮೀಟರ್. ಕೂಡಿಸಿದರೆ ಸುಮಾರು 190 ಚದರ ಸೆಂಟಿಮೀಟರ್ ಆಗುತ್ತದೆ. ಗೋಡೆಯಿಂದ ಒಂದು ಇಟ್ಟಿಗೆ ಕಿತ್ತು ಹಾಗೇ ಬಿಟ್ಟ ಲೆಕ್ಕ. ಅದರ ಎದುರು ಹೀಟರ್ ಇಟ್ಟುಕೊಂಡು ಕೂತಿದ್ದೇವೆ ನಾವು.

ಮನೆಗೆ ಮಹಡಿ ಇದ್ದರೆ ಮೇಲಿನ ಸಂದುಗಳನ್ನು ಮೊದಲು ಮುಚ್ಚಿ. ಬಿಸಿ ಗಾಳಿ ಹಗುರ, ಅದು ಮೇಲೇರಿ ಮೇಲಿನಿಂದಲೇ ಹೊರಬೀಳುತ್ತದೆ. ಅದು ಹೋದ ಜಾಗ ತುಂಬಲು ಕೆಳಗಿನ ಸಂದುಗಳಿಂದ ತಣ್ಣನೆ ಗಾಳಿ ಒಳಬರುತ್ತದೆ. ಕಾಲಿಗೆ ತಾಕುವುದು ಈ ಗಾಳಿ, ಹಾಗಾಗಿ ಬಾಗಿಲಿನದೇ ತಪ್ಪು ಅನ್ನಿಸುತ್ತದೆ. ಅಟ್ಟದ ಮುಚ್ಚಳ ಬಿಗಿಯಾದರೆ ಬಾಗಿಲ ಕೆಳಗಿನ ಗಾಳಿಯೂ ಅರ್ಧ ಸೋಲುತ್ತದೆ.

ಮುಚ್ಚುವ ಕೆಲಸಕ್ಕೆ ಬಡಗಿ ಬೇಡ. ಬಾಗಿಲ ಕೆಳಗಿನ ಸಂದಿಗೆ ಹಳೇ ಜೀನ್ಸ್ ಪ್ಯಾಂಟಿನ ಕಾಲು ಕತ್ತರಿಸಿಕೊಳ್ಳಿ. ಉದ್ದ ಸಾಲದಿದ್ದರೆ ಎರಡೂ ಕಾಲು ಸೇರಿಸಿ ಹೊಲಿಯಿರಿ, ಬಾಗಿಲಿಗಿಂತ ಒಂದು ಗೇಣು ಹೆಚ್ಚಿರಲಿ. ಹರಿದ ಬಟ್ಟೆ ತುಂಬಿ, ನಡುನಡುವೆ ಎರಡು ಮೂರು ಹಿಡಿ ಒಣ ಮರಳು ಹಾಕಿ. ಬರೀ ಬಟ್ಟೆಯದಾದರೆ ಗಾಳಿಗೆ ಜರುಗುತ್ತದೆ, ಮರಳಿನ ಭಾರ ಅದನ್ನು ನೆಲಕ್ಕೆ ಕೂರಿಸುತ್ತದೆ. ತೆರೆದು ಮುಚ್ಚುವ ಕಿಟಕಿಗೆ ಫೋಮ್ ಟೇಪ್ ಅಂಟಿಸಿ. ಚೌಕಟ್ಟಿನ ಧೂಳನ್ನು ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಅಂಟಿಸದಿದ್ದರೆ ವಾರದಲ್ಲಿ ಜೋತುಬೀಳುತ್ತದೆ. ಟೇಪ್ ಹಾಕಿದ ಮೇಲೆ ಚಿಲಕ ಬೀಳುತ್ತಿಲ್ಲ ಅಂದರೆ ದಪ್ಪ ಜಾಸ್ತಿಯಾಯಿತು, ತೆಳುವಾದದ್ದು ತನ್ನಿ. ಅಲುಗಾಡದ ಬಿರುಕುಗಳಿಗೆ ಸೀಲೆಂಟ್. ಕಿಟಕಿಯನ್ನೇ ಅಂಟಿಸಿಬಿಡಬೇಡಿ, ಬೆಂಕಿ ಬಿದ್ದ ದಿನ ಅದು ಬೇಕಾಗುತ್ತದೆ.

ಒಂದು ಜಾಗವನ್ನು ಮಾತ್ರ ಮುಚ್ಚಲೇಬಾರದು. ಗ್ಯಾಸ್ ಗೀಸರ್, ಸೌದೆ ಒಲೆ, ಹೀಗೆ ಏನಾದರೂ ಉರಿಯುವ ಕೋಣೆಯ ಗವಾಕ್ಷಿ ತೆರೆದೇ ಇರಲಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ತಟ್ಟೆ ಇಟ್ಟುಕೊಂಡು ಮಲಗುವುದಂತೂ ಕೂಡದು, ಎಷ್ಟೇ ಚಳಿ ಇರಲಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ.

ಇನ್ನು ಗಾಜು. ಒಂದೂವರೆ ಚದರ ಮೀಟರಿನ ಒಂಟಿ ಗಾಜಿನ ಕಿಟಕಿ, ಒಳಗೆ 20 ಡಿಗ್ರಿ, ಹೊರಗೆ 5 ಡಿಗ್ರಿ ಅಂತಿಟ್ಟುಕೊಳ್ಳಿ. ಆ ಗಾಜೊಂದರಿಂದಲೇ ಸುಮಾರು 125 ವಾಟ್ ಶಾಖ ಸದಾ ಹೊರಗೆ ಹರಿಯುತ್ತಿರುತ್ತದೆ. ಪಾರ್ಸೆಲ್ ಜೊತೆ ಬಂದ ಗುಳ್ಳೆ ಪ್ಲಾಸ್ಟಿಕ್ ಎಸೆಯದೆ ಇಟ್ಟಿದ್ದೀರಾ? ಗಾಜಿಗೆ ನೀರು ಚಿಮುಕಿಸಿ, ಗುಳ್ಳೆಯ ಬದಿ ಗಾಜಿಗೆ ಬರುವಂತೆ ಒತ್ತಿ. ಹಿಡಿದುಕೊಳ್ಳುತ್ತದೆ, ಅಂಟು ಬೇಡ. ಗುಳ್ಳೆಯೊಳಗಿನ ಅಲುಗಾಡದ ಗಾಳಿಯೇ ಇಲ್ಲಿ ಕಂಬಳಿ. ನೋಡಲು ಚಂದವಿಲ್ಲ, ಒಪ್ಪುತ್ತೇನೆ. ಹೊರಗಿನ ನೋಟ ಬೇಡದ ಕಿಟಕಿಗಳಿಗೆ ಹಾಕಿ. ದಪ್ಪ ಪರದೆಯೂ ಒಳ್ಳೆಯದೇ, ಆದರೆ ನೆಲಕ್ಕೋ ಕಟ್ಟೆಗೋ ಮುಟ್ಟಬೇಕು, ಬದಿಗಳು ಗೋಡೆಗೆ ತಾಗಿರಬೇಕು. ಅಂತರದಲ್ಲಿ ತೇಲುವ ಪರದೆಯ ಹಿಂದೆ ಗಾಳಿ ತಣ್ಣಗಾಗಿ ಕೆಳಗಿನಿಂದ ಕೋಣೆಗೆ ಜಾರುತ್ತಲೇ ಇರುತ್ತದೆ. ಬಿಸಿಲು ಬೀಳುವ ಕಿಟಕಿಯ ಪರದೆಯನ್ನು ಹಗಲು ಪೂರ್ತಿ ಸರಿಸಿ, ಸೂರ್ಯ ಇಳಿದ ಕೂಡಲೇ ಮುಚ್ಚಿ. ಕತ್ತಲಾದ ಮೇಲೆ ನೆನಪಾಗಿ ಮುಚ್ಚುವಷ್ಟರಲ್ಲಿ ಹಗಲಿನ ಗಳಿಕೆ ಕರಗಿರುತ್ತದೆ.

ಇಡೀ ಮನೆ ಬೆಚ್ಚಗಿರಬೇಕು ಎನ್ನುವ ಹಟವನ್ನು ಈ ನಾಲ್ಕು ತಿಂಗಳು ಬಿಡಿ. ಬಿಸಿಲು ಬೀಳುವ, ಚಿಕ್ಕದಾದ, ಹೊರಗೋಡೆ ಕಡಿಮೆ ಇರುವ ಒಂದು ಕೋಣೆಯನ್ನು ಆರಿಸಿಕೊಳ್ಳಿ. ಅತ್ತೆ, ಮಗು, ಓದು, ಟಿವಿ, ಸಂಜೆಯ ಹೊತ್ತೆಲ್ಲ ಅಲ್ಲೇ ಆಗಲಿ. ಸುಮ್ಮನೆ ಕೂತ ಒಬ್ಬ ದೊಡ್ಡ ಮನುಷ್ಯ ಸುಮಾರು 100 ವಾಟ್ ಶಾಖ ಬಿಡುತ್ತಾನೆ. ನಾಲ್ವರು ಒಂದೇ ಕೋಣೆಯಲ್ಲಿದ್ದರೆ ಬಿಲ್ಲಿಲ್ಲದ ಸಣ್ಣ ಹೀಟರ್ ಉರಿದಂತೆ. ಆ ಕೋಣೆ 18 ಡಿಗ್ರಿಗಿಂತ ಇಳಿಯದಂತೆ ನೋಡಿಕೊಳ್ಳಿ. ವಿಶ್ವ ಆರೋಗ್ಯ ಸಂಸ್ಥೆ 2018ರ ವಸತಿ ಮಾರ್ಗಸೂಚಿಯಲ್ಲಿ ಹೇಳಿದ್ದು ಇದೇ ಅಂಕಿ. ವಯಸ್ಸಾದವರಿಗೆ, ಮಕ್ಕಳಿಗೆ ಒಂದೆರಡು ಡಿಗ್ರಿ ಹೆಚ್ಚಿದ್ದರೆ ಒಳ್ಳೆಯದು. ಉಳಿದ ಕೋಣೆಗಳ ಬಾಗಿಲು ಮುಚ್ಚಿರಲಿ.

ಹಾಸಿಗೆಯ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ: ಮೇಲೆ ಮೂರು ಕಂಬಳಿ, ಕೆಳಗೆ ಒಂದು ತೆಳು ಹಾಸು. ಮಂಚದ ಅಡಿಯಲ್ಲಿ ತಣ್ಣನೆ ಗಾಳಿ ಓಡಾಡುತ್ತದೆ, ಮೈಭಾರಕ್ಕೆ ಹಾಸಿಗೆ ಅದುಮಿ ಅದರೊಳಗಿನ ಗಾಳಿಯೂ ಕಡಿಮೆಯಾಗುತ್ತದೆ. ಮೇಲಿನ ಮೂರರಲ್ಲಿ ಒಂದನ್ನು ಕೆಳಗೆ ಹಾಸಿ ನೋಡಿ. ಬಿಸಿನೀರಿನ ಚೀಲ ಅತ್ತೆಯವರ ಹಾಸಿಗೆಯಲ್ಲಿ ಮಲಗುವ ಅರ್ಧ ಗಂಟೆ ಮೊದಲು ಇಟ್ಟು, ಅವರು ಮಲಗುವಾಗ ತೆಗೆದುಬಿಡಿ. ವಯಸ್ಸಾದ ಚರ್ಮಕ್ಕೆ, ಅದರಲ್ಲೂ ಸಕ್ಕರೆ ಕಾಯಿಲೆಯಿದ್ದರೆ, ಸುಟ್ಟದ್ದು ತಿಳಿಯುವುದಿಲ್ಲ. ಮಗುವಿನ ಪಕ್ಕ ಅದನ್ನು ಇಡಲೇಬೇಡಿ.

ಈಗ ನನ್ನದೇ ಒಂದು ಎಡವಟ್ಟು. ಮೊದಲ ವರ್ಷ ಉತ್ಸಾಹದಲ್ಲಿ ಎಲ್ಲ ಸಂದನ್ನೂ ಮುಚ್ಚಿ, ಒದ್ದೆ ಬಟ್ಟೆಯನ್ನೂ ಅದೇ ಕೋಣೆಯಲ್ಲಿ ಒಣಹಾಕಿದ್ದೆ. ತಿಂಗಳು ಕಳೆದು ಬೀರು ಸರಿಸಿದರೆ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು, ಬೀರುವಿನಲ್ಲಿದ್ದ ನನ್ನ ಕೋಟಿಗೂ ಹಿಡಿದಿತ್ತು. ಕಾರಣ ಸರಳ. 20 ಡಿಗ್ರಿಯ ಕೋಣೆಯಲ್ಲಿ ತೇವಾಂಶ ಶೇ. 60 ಇದ್ದರೆ, 12 ಡಿಗ್ರಿಗೆ ಇಳಿದ ಯಾವ ಜಾಗದಲ್ಲಾದರೂ ಗಾಳಿಯ ಆವಿ ನೀರಾಗುತ್ತದೆ. ಬೀರುವಿನ ಹಿಂದಿನ ಹೊರಗೋಡೆ ಅಂಥ ಜಾಗ. ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಡಿ. ದಿನಕ್ಕೆ ಎರಡು ಸಲ ಎದುರುಬದುರಿನ ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆಯಿರಿ.

ಅಯ್ಯೋ, ಶಾಖವೆಲ್ಲ ಹೋಗುತ್ತದಲ್ಲ ಅಂತ ಹೆದರಬೇಡಿ. 40 ಘನ ಮೀಟರಿನ ಕೋಣೆಯಲ್ಲಿರುವ ಗಾಳಿಯ ತೂಕ 48 ಕಿಲೋ ಅಷ್ಟೇ. ಅದನ್ನು 5ರಿಂದ 20 ಡಿಗ್ರಿಗೆ ಏರಿಸಲು ಒಂದು ಯುನಿಟ್ಟಿನ ಐದನೇ ಒಂದು ಭಾಗ ವಿದ್ಯುತ್ ಸಾಕು. ನಿಜವಾದ ಶಾಖ ಗೋಡೆ, ನೆಲ, ಮಂಚದಲ್ಲಿ ಕೂತಿರುತ್ತದೆ, ಐದು ನಿಮಿಷಕ್ಕೆ ಅದು ಎಲ್ಲೂ ಹೋಗುವುದಿಲ್ಲ. ಚಳಿಗಾಲದ ಹೊರಗಿನ ಗಾಳಿ ಎಷ್ಟೇ ಮಂಜು ಮಂಜಾಗಿ ಕಂಡರೂ ಒಳಬಂದು ಬೆಚ್ಚಗಾದರೆ ಒಣಗಾಳಿಯೇ. ಇಡೀ ರಾತ್ರಿ ಕಿಟಕಿಯನ್ನು ಒಂದಿಂಚು ತೆರೆದಿಡುವುದು ಮಾತ್ರ ದುಬಾರಿ, ಅದು ಗೋಡೆಯನ್ನೇ ತಣ್ಣಗೆ ಮಾಡುತ್ತದೆ.

ಕೊನೆಗೆ ಹೀಟರ್. ಅಂಗಡಿಯಲ್ಲಿ ಏನೇ ಹೇಳಲಿ, ರಾಡ್ ಇರಲಿ, ಫ್ಯಾನ್ ಇರಲಿ, ಎಣ್ಣೆಯದಿರಲಿ, ಒಂದು ಯುನಿಟ್ ವಿದ್ಯುತ್ತಿಗೆ ಒಂದು ಯುನಿಟ್ ಶಾಖವೇ. 2000 ವಾಟಿನದು ಎಂಟು ಗಂಟೆ ಉರಿದರೆ 16 ಯುನಿಟ್. ಬಿಸಿ ಮಾಡುವ ಸೌಲಭ್ಯವಿರುವ ಎಸಿ ಮನೆಯಲ್ಲಿ ಆಗಲೇ ಇದ್ದರೆ ಅದನ್ನು ಬಳಸಿ. ಅದು ಹೊರಗಿನ ಗಾಳಿಯಿಂದ ಶಾಖವನ್ನು ಎತ್ತಿ ತರುವುದರಿಂದ ಒಂದು ಯುನಿಟ್ಟಿಗೆ ಎರಡು ಮೂರು ಯುನಿಟ್ಟಿನಷ್ಟು ಶಾಖ ಕೊಡುತ್ತದೆ. ಹೀಟರ್ ಪರದೆಯಿಂದ, ಹಾಸಿಗೆಯಿಂದ ಒಂದು ಮೀಟರ್ ದೂರವಿರಲಿ, ಗೋಡೆಯ ಸಾಕೆಟ್ಟಿಗೇ ಚುಚ್ಚಿ, ಎಕ್ಸ್‌ಟೆನ್ಷನ್ ಬೋರ್ಡಿಗಲ್ಲ.

ಇಷ್ಟಾದ ಮೇಲೆ ಆ ಚೀಟಿ ಹುಡುಕಿ. ಮೊದಲ ಸಲದಷ್ಟೇ ಚಳಿಯಿರುವ ಒಂದು ರಾತ್ರಿ ಹಳೇ ಹೀಟರನ್ನೇ ಹಚ್ಚಿ, ಆರಿಸಿ, ಗಂಟೆ ಬಿಟ್ಟು ಥರ್ಮಾಮೀಟರ್ ನೋಡಿ. ಅಂಕಿ ಆಗಲೂ ಧುಮುಕುತ್ತಿದ್ದರೆ ಇನ್ನೊಂದು ಊದುಬತ್ತಿ ಹಚ್ಚಿಕೊಂಡು ಹೊರಡಿ, ಯಾವುದೋ ಮೂಲೆ ತಪ್ಪಿಹೋಗಿದೆ. ಅಂಕಿ ನಿಂತೂ ಕೋಣೆ 18 ಮುಟ್ಟುತ್ತಿಲ್ಲ ಅಂದರೆ ಆಗ ದೊಡ್ಡ ಹೀಟರ್ ತನ್ನಿ, ಆದರೆ ಅದರ ಭಾರವನ್ನು ನಿಮ್ಮ ಹಳೇ ಮನೆಯ ವೈರಿಂಗ್ ತಾಳುತ್ತದೆಯೇ ಅಂತ ಮೊದಲು ಎಲೆಕ್ಟ್ರಿಷಿಯನ್‌ಗೆ ತೋರಿಸಿ.