ಕಪ್ಪು ಹಾಳೆಯ ಮೇಲೆ ಕಲರ್ ಪೆನ್ಸಿಲ್ ಯಾಕೆ ಮಂಕಾಗುತ್ತೆ?

ಪ್ರಶ್ನೆ: ಕಪ್ಪು ಹಾಳೆಯ ಮೇಲೆ ಹುಲಿ ಬಿಡಿಸಿದೆ. ಡಬ್ಬಿಯಲ್ಲಿ ಹೊಳೆಯುವ ಕಿತ್ತಳೆ ಬಣ್ಣ ಹಾಳೆಗೆ ಬಿದ್ದ ಕೂಡಲೇ ಇಟ್ಟಿಗೆ ಪುಡಿಯ ಹಾಗೆ ಮಂಕಾಯಿತು. ಎಷ್ಟು ಒತ್ತಿ ತಿಕ್ಕಿದರೂ ಅಷ್ಟೇ. ದುಬಾರಿ ಪೆನ್ಸಿಲ್ ತಗೊಳ್ಳಲೇಬೇಕಾ?

ಉತ್ತರ: ಇಡೀ ಸೆಟ್ ಬೇಡ. ಒಂದು ಒಳ್ಳೆಯ ಬಿಳಿ ಪೆನ್ಸಿಲ್ ಸಾಕು.

ಕಲರ್ ಪೆನ್ಸಿಲಿನ ಬಣ್ಣ ಗೋಡೆಯ ಪೇಂಟಿನ ಹಾಗೆ ಕೆಳಗಿನದನ್ನು ಪೂರ್ತಿ ಮುಚ್ಚುವುದಿಲ್ಲ. ತೆಳ್ಳನೆಯ ಬಣ್ಣದ ಗಾಜಿನ ಹಾಗಿರುತ್ತದೆ. ಬಿಳಿ ಹಾಳೆಯಾದರೆ ಬೆಳಕು ಬಣ್ಣದ ಪದರ ದಾಟಿ, ಹಾಳೆಗೆ ತಾಗಿ, ಅದೇ ಬಣ್ಣದ ಮೂಲಕ ಮತ್ತೆ ಕಣ್ಣಿಗೆ ಬರುತ್ತದೆ. ಕಪ್ಪು ಹಾಳೆ ಆ ಬೆಳಕನ್ನು ನುಂಗಿಬಿಡುತ್ತದೆ. ಅದಕ್ಕೇ ಹಳದಿ ಪಾಚಿ ಬಣ್ಣಕ್ಕೆ ತಿರುಗುತ್ತದೆ, ಕಡುನೀಲಿ ಕಾಣಿಸುವುದೇ ಇಲ್ಲ. ಜೋರಾಗಿ ಒತ್ತಿದರೆ ಹಾಳೆಯ ತರಿಯೆಲ್ಲ ಮೇಣದಿಂದ ತುಂಬಿಹೋಗುತ್ತದೆ. ಆಮೇಲೆ ಮೇಲೆ ಏನು ಹಚ್ಚಿದರೂ ಜಾರುತ್ತದೆ.

ಹಾಗಾಗಿ ಬಣ್ಣಕ್ಕೆ ಮೊದಲು ಬಿಳಿಯ ಹಾಸು ಹಾಕಬೇಕು. ಶಾಲೆಯ ಡಬ್ಬಿಯ ಬಿಳಿ ಪೆನ್ಸಿಲಿನಲ್ಲಿ ಬಣ್ಣದ ಪುಡಿ ಕಡಿಮೆ, ಮೇಣ ಜಾಸ್ತಿ. ಬಿಡಿಯಾಗಿ ಕೊಳ್ಳುವುದಾದರೆ ಡರ್ವೆಂಟ್ ಡ್ರಾಯಿಂಗ್ ಸಾಲಿನ ಚೈನೀಸ್ ವೈಟ್, ಇಲ್ಲವೇ ಕರಾನ್ ದಾಶ್ ಲೂಮಿನೆನ್ಸ್ ಬಿಳಿ ನೋಡಿ. ಎರಡೂ ಚೆನ್ನಾಗಿ ಮುಚ್ಚುತ್ತವೆ.

ನನಗೆ ಈ ಕೆಲಸ ಕಲಿಸಿದ್ದು ಕಾಡುಪಾಪ, ಇಂಗ್ಲಿಷಿನಲ್ಲಿ ಸ್ಲೆಂಡರ್ ಲೋರಿಸ್. ತುಮಕೂರು ಹತ್ತಿರದ ನಾಗವಲ್ಲಿಯಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಗಳಲ್ಲೂ ಇರುವ ಪುಟ್ಟ ಜೀವಿ. ರಾತ್ರಿ ಓಡಾಡುವ ಪ್ರಾಣಿಗೆ ಕಪ್ಪು ಹಾಳೆಗಿಂತ ಒಳ್ಳೆಯ ಜಾಗ ಇನ್ನೇನಿದೆ, ಅಲ್ವಾ? ನೋಡಿಕೊಂಡು ಬರೆಯಲು ಒಂದು ಫೋಟೊ ಸಾಕು. ಕತ್ತಲಲ್ಲಿ ಹೋಗಿ ಅದರ ಕಣ್ಣಿಗೆ ಟಾರ್ಚ್ ಬಿಡಬೇಡಿ. ಆ ಕಣ್ಣುಗಳು ಇರುಳಿಗೆಂದೇ ಆಗಿರುವಂಥವು.

ಹೊರಗೆರೆಗೆ ಸಾದಾ ಪೆನ್ಸಿಲ್ ಬೇಡ. ನಾನು ಮೊದಲ ಸಲ ಎಚ್‌ಬಿಯಲ್ಲೇ ಗೆರೆ ಹಾಕಿದ್ದೆ. ದೀಪದ ಕೆಳಗೆ ಹಿಡಿದರೆ ಮುಖದ ತುಂಬ ಸೀಸದ ಹೊಳಪು. ಅಳಿಸಲು ಹೋಗಿ ಹಾಳೆಯೇ ಸವೆಯಿತು. ಈಗ ಬೇರೆ ಕಾಗದದಲ್ಲಿ ಚಿತ್ರ ಬರೆದು, ಅದರ ಬೆನ್ನಿಗೆ ಸೀಮೆಸುಣ್ಣ ಉಜ್ಜಿ, ಕಪ್ಪು ಹಾಳೆಯ ಮೇಲಿಟ್ಟು ಗೆರೆಗಳನ್ನು ತಿದ್ದುತ್ತೇನೆ. ಕೆಳಗೆ ಬಿಳಿ ಗುರುತು ಮೂಡುತ್ತದೆ. ಕೆಲಸ ಮುಗಿದ ಮೇಲೆ ಮೆತ್ತನೆ ಬ್ರಷ್ಷಿನಿಂದ ಝಾಡಿಸಿದರೆ ಹೋಗುತ್ತದೆ.

ಆಮೇಲೆ ನೋಡಬೇಕಾದದ್ದು ಒಂದೇ: ಬೆಳಕು ಎಲ್ಲಿ ಬಿದ್ದಿದೆ? ಕಾಡುಪಾಪದ ಹಣೆಯಿಂದ ಮೂಗಿನವರೆಗೆ ಒಂದು ಬಿಳಿ ಪಟ್ಟೆ ಇಳಿಯುತ್ತದೆ. ಅಲ್ಲಿಂದ ಶುರು ಮಾಡಿ. ಪೆನ್ಸಿಲ್ ಚೂಪಾಗಿರಲಿ, ಕೈ ಹಗುರ ಇರಲಿ. ಕೂದಲು ಬೆಳೆದ ದಿಕ್ಕಿಗೇ ಗೆರೆ ಎಳೆದು, ತುದಿಯಲ್ಲಿ ಪೆನ್ಸಿಲ್ ಎತ್ತಿಬಿಡಿ. ಮೂಗಿನ ಹತ್ತಿರ ಎಳ್ಳುಕಾಳಿನಷ್ಟು ಗೆರೆ, ಕೆನ್ನೆಗೆ ಬರುತ್ತಾ ಉದ್ದ. ಗೆರೆಗಳ ನಡುವೆ ಕಪ್ಪು ಇಣುಕುತ್ತಿರಲಿ. ತುಪ್ಪಳದ ಆಳ ಬರುವುದೇ ಆ ಸಂದಿನಿಂದ. ಬಿಳಿ ಹಾಸಾದ ಮೇಲೆ ಅದರ ಮೇಲೆ ತೆಳುವಾಗಿ ಬೂದು, ಮಣ್ಣು ಬಣ್ಣ. ಕೊನೆಗೆ ಬೆಳಕು ಜಾಸ್ತಿ ಬಿದ್ದ ಕಡೆ ಮಾತ್ರ ಇನ್ನೊಮ್ಮೆ ಬಿಳಿ.

ಕಣ್ಣಿಗೆ ನಾನು ಅರ್ಧ ಗಂಟೆ ಕೊಡುತ್ತೇನೆ. ನಡುವಿನ ಪಾಪೆಯನ್ನು ಮುಟ್ಟುವುದೇ ಇಲ್ಲ, ಅದು ಬರಿ ಹಾಳೆ. ಅದರ ಸುತ್ತ ಕಂದು ಬಳೆ. ಬಳೆಯ ಕೆಳಭಾಗ ಸ್ವಲ್ಪ ತಿಳಿಯಾಗಿದ್ದರೆ ಕಣ್ಣು ಗುಂಡಗೆ ಕಾಣುತ್ತದೆ. ಕಣ್ಣಿನ ಸುತ್ತಲಿನ ಕಡು ಕಂದು ಕಲೆಯನ್ನೂ ಹೆಚ್ಚುಕಮ್ಮಿ ಹಾಗೇ ಬಿಟ್ಟು, ಅಂಚಿಗೆ ಮಾತ್ರ ಬಣ್ಣ ತಾಗಿಸುತ್ತೇನೆ. ಕೊನೆಗೆ ಬಿಳಿ ಜೆಲ್ ಪೆನ್ನಿನಿಂದ ಒಂದೊಂದು ಚುಕ್ಕೆ, ಎರಡೂ ಕಣ್ಣಲ್ಲಿ ಒಂದೇ ಕಡೆ. ಆ ಚುಕ್ಕೆ ಬಿದ್ದ ಗಳಿಗೆ ಅದು ನಮ್ಮನ್ನು ನೋಡತೊಡಗುತ್ತದೆ. ಎಷ್ಟು ಸಲ ಬರೆದರೂ ಆ ಗಳಿಗೆಗೆ ನನ್ನ ಮೈ ಜುಮ್ಮೆನ್ನುತ್ತದೆ.

ಕರಡಿಯಂಥ ಕರಿ ಪ್ರಾಣಿ ಇನ್ನೂ ಸುಲಭ. ಬೆನ್ನಿನ ಅಂಚಿನ ಬೆಳಕು, ಮಾಸಲು ಮೂತಿ, ಎದೆಯ ಬಿಳಿ ಪಟ್ಟೆ, ಇಷ್ಟು ಬರೆದರೆ ಮಿಕ್ಕ ಕರಡಿಯನ್ನು ಹಾಳೆಯೇ ಕೊಡುತ್ತದೆ.

ಹಾಳೆ ಕೊಳ್ಳುವಾಗ ಆಸಿಡ್ ಇಲ್ಲದ್ದನ್ನು ಕೇಳಿ. ಕ್ರಾಫ್ಟ್‌ಗೆ ಬರುವ ಅಗ್ಗದ ಕಪ್ಪು ಕಾಗದ ಬಿಸಿಲಿಗೆ ಬೇಗ ಬಣ್ಣ ಬಿಡುತ್ತದೆ. ಕ್ಯಾನ್ಸನ್ ಕಂಪನಿಯ ಮಿ-ತಾಂತ್ ಹಾಳೆ, 160 ಜಿಎಸ್‌ಎಂ (ಚದರ ಮೀಟರಿಗೆ 160 ಗ್ರಾಂ ತೂಕದ್ದು) ಒಳ್ಳೆಯದು. ಅದರ ಒಂದು ಮೈ ಜೇನುಗೂಡಿನ ಹಾಗೆ ತರಿತರಿ, ಇನ್ನೊಂದು ನುಣುಪು. ತುಪ್ಪಳಕ್ಕೆ ನುಣುಪು ಮೈ. ಅಂಗೈ ಕೆಳಗೆ ಒಂದು ಕಾಗದ ಇಟ್ಟುಕೊಳ್ಳಿ, ಕೈಯ ಜಿಡ್ಡು ಕಪ್ಪಿನ ಮೇಲೆ ಬೇಗ ಕಾಣುತ್ತದೆ.

ಇನ್ನು ನಿಮ್ಮ ಹುಲಿ. ಒತ್ತಿ ತಿಕ್ಕಿದ ಕಡೆ ಬಿಳಿ ಇನ್ನು ಹಿಡಿಯುವುದಿಲ್ಲ. ಹಾಳೆ ತಿರುಗಿಸಿ, ಹಿಂದಿನ ಮೈಯಲ್ಲಿ ಶುರು ಮಾಡಿ. ಈ ಸಲ ಪಟ್ಟೆಗಳನ್ನು ಬರೆಯಲೇಬೇಡಿ. ಪಟ್ಟೆ ಇರುವ ಜಾಗ ಬಿಟ್ಟು ಮಿಕ್ಕ ಕಡೆ ಬಿಳಿ ಹಾಸಿ, ಅದರ ಮೇಲೆ ಕಿತ್ತಳೆ ಹಚ್ಚಿ. ಮೀಸೆ ಕಟ್ಟಕಡೆಗೆ, ಚೂಪು ಬಿಳಿ ಪೆನ್ಸಿಲಿನಲ್ಲಿ, ಉಸಿರು ಹಿಡಿದು ಒಂದೇ ಎಳೆತ.